ಕಂಡದ್ದು ಯಾವ ವಿಮಾನ? ಪೊಟೊಮ್ಯಾಕ್ ನದಿಯ ಮೇಲಿನ ಡಿಕ್ಕಿ: ಒಂದು ಪ್ರಕರಣ ಅಧ್ಯಯನ

2025ರ ಜನವರಿ 29, ಅಮೆರಿಕದ ರಾಜಧಾನಿ ವಾಷಿಂಗ್ಟನ್. ರಾತ್ರಿ 8 ಗಂಟೆ 48 ನಿಮಿಷಕ್ಕೆ ಒಂದೇ ಸೆಕೆಂಡು ಬಾಕಿ. ನಮಗೆ ಆಗ ಮರುದಿನ ಬೆಳಿಗ್ಗೆ 7.18 ಆಗಿತ್ತು. ಕಾನ್ಸಾಸ್ ರಾಜ್ಯದ ವಿಚಿಟಾದಿಂದ ಬಂದ ಬೊಂಬಾರ್ಡಿಯರ್ ಸಿಆರ್‌ಜೆ 700 ವಿಮಾನ ರೇಗನ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿತ್ತು. ಒಳಗೆ 60 ಪ್ರಯಾಣಿಕರು, 4 ಸಿಬ್ಬಂದಿ. ನದಿಯ ಗುಂಟ ಎದುರಿನಿಂದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಬಂತು. ಅದರಲ್ಲಿ ಮೂವರು. ನೀರಿನಿಂದ ಸುಮಾರು 300 ಅಡಿ ಎತ್ತರದಲ್ಲಿ ಎರಡೂ ಡಿಕ್ಕಿಯಾದವು. 67 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಿಟಾದಲ್ಲಿ ಸ್ಕೇಟಿಂಗ್ ಶಿಬಿರ ಮುಗಿಸಿ ವಾಪಸ್ ಹೊರಟಿದ್ದ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೋಚ್‌ಗಳು ಆ ವಿಮಾನದಲ್ಲಿದ್ದರು.

ಮಂಗಳೂರಿನ ಹತ್ತಿರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನಾನು ಕೊನೆಯ ವರ್ಷದವರಿಗೆ ಈ ಪ್ರಕರಣವನ್ನು ಕೊಟ್ಟೆ. ಅಪಘಾತ ಎಂದರೆ ನಮ್ಮ ಊರಿನವರಿಗೆ ಮೊದಲು ನೆನಪಾಗುವುದು 2010ರ ಮೇ 22. ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದ ವಿಮಾನ, 158 ಸಾವು, ಬದುಕಿದವರು 8 ಮಂದಿ. ಅದರ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಆಕಾಶದಲ್ಲೇ ಎರಡು ಡಿಕ್ಕಿಯಾಗುವುದು ಬೇರೆ ತರಹದ ಅಪಘಾತ. ಎರಡರಲ್ಲೂ ಎಂಜಿನ್ ಸರಿ ಇರಬಹುದು, ಹವಾಮಾನ ಚೆನ್ನಾಗಿರಬಹುದು, ಪೈಲಟ್‌ಗಳು ಅನುಭವಸ್ಥರಿರಬಹುದು. ಆದರೂ ಆಗುತ್ತದೆ. ಆ ರಾತ್ರಿ ಆದದ್ದೂ ಹಾಗೆಯೇ. ಮಂಜಿರಲಿಲ್ಲ, ಮಳೆ ಇರಲಿಲ್ಲ, ಹತ್ತು ಮೈಲಿ ದೂರದವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ತರಗತಿಯಲ್ಲಿ ಬಂದ ಮೊದಲ ಪ್ರಶ್ನೆ: "ಸರ್, ತಪ್ಪು ಯಾರದ್ದು?" ಅದನ್ನು ಕಡೆಗೆ ಇಟ್ಟುಕೊಳ್ಳೋಣ ಅಂದೆ. ಆ ಪ್ರಶ್ನೆಯಿಂದ ಶುರು ಮಾಡಿದರೆ ಸಿಗುವುದು ಒಂದು ಹೆಸರು ಮಾತ್ರ, ಕಾರಣ ಸಿಗುವುದಿಲ್ಲ.

ಜಾಗದ ನಕ್ಷೆ

ಬೋರ್ಡಿನ ಮೇಲೆ ಮೊದಲು ನದಿಯನ್ನು ಬರೆದೆವು. ಪೊಟೊಮ್ಯಾಕ್ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ವಿಮಾನ ನಿಲ್ದಾಣ ಅದರ ಪಶ್ಚಿಮ ದಡದಲ್ಲಿದೆ. ದಕ್ಷಿಣದಿಂದ ಬರುವ ವಿಮಾನಗಳು ಸಾಮಾನ್ಯವಾಗಿ ರನ್‌ವೇ 1ಕ್ಕೆ ನೇರ ಇಳಿಯುತ್ತವೆ. ಅದರ ಉದ್ದ ಸುಮಾರು 7,170 ಅಡಿ. ಅದಕ್ಕೆ ಓರೆಯಾಗಿ ಇನ್ನೊಂದು ಸಣ್ಣ ರನ್‌ವೇ ಇದೆ, 33. ಉದ್ದ 5,204 ಅಡಿ, ಅಂದರೆ 1,600 ಮೀಟರಿಗೂ ಒಂಚೂರು ಕಡಿಮೆ. ನಮ್ಮ ಬಜ್ಪೆಯ ಹಳೇ ರನ್‌ವೇ 1,615 ಮೀಟರ್. ಈಗಿನದು 2,450. ಹಳೇ ರನ್‌ವೇಗಿಂತಲೂ ಚಿಕ್ಕದರಲ್ಲಿ ಜೆಟ್ ಇಳಿಸುತ್ತಾರೆ ಎಂದಾಗ ಹುಡುಗರು ಹುಬ್ಬೇರಿಸಿದರು. ಸಣ್ಣ ಜೆಟ್‌ಗೆ ಅದು ಸಾಕಾಗುತ್ತದೆ.

ಆ ರಾತ್ರಿ ವಿಮಾನ ಸಂಚಾರ ನಿಯಂತ್ರಿಸುವ ಟವರ್‌ನಲ್ಲಿದ್ದ ಕಂಟ್ರೋಲರ್‌ನಿಂದ ಈ ವಿಮಾನಕ್ಕೆ ಕೊನೆ ಹಂತದಲ್ಲಿ ಒಂದು ಪ್ರಶ್ನೆ ಹೋಯಿತು: ರನ್‌ವೇ 33ಕ್ಕೆ ಬರಲು ಆಗುತ್ತದಾ? ಪೈಲಟ್‌ಗಳು ಒಪ್ಪಿದರು. ಇದು ಅಲ್ಲಿ ದಿನನಿತ್ಯದ ಸಂಗತಿ. ರನ್‌ವೇ 1ರ ಮೇಲೆ ಒತ್ತಡ ಜಾಸ್ತಿಯಾದಾಗ ಸಣ್ಣ ವಿಮಾನಗಳನ್ನು 33ಕ್ಕೆ ತಿರುಗಿಸುತ್ತಾರೆ. ಒಪ್ಪಿದ ಮೇಲೆ ವಿಮಾನ ನೇರ ಬರುವುದಿಲ್ಲ. ನದಿಯ ಪೂರ್ವ ದಡದ ಕಡೆ ಸರಿದು, ಅಲ್ಲಿಂದ ಎಡಕ್ಕೆ ಹೊರಳಿ, ನದಿ ದಾಟಿ ಇಳಿಯಬೇಕು.

ಹೆಲಿಕಾಪ್ಟರ್‌ಗಳ ದಾರಿ ಆಗ ಇದ್ದದ್ದು ಸರಿಯಾಗಿ ಅದೇ ಪೂರ್ವ ದಡದ ಗುಂಟ. ಹೆಸರು ರೂಟ್ 4. ಅಲ್ಲಿ 200 ಅಡಿಗಿಂತ ಮೇಲೆ ಹೋಗಬಾರದು ಎಂಬ ನಿಯಮ ಇತ್ತು. 33ಕ್ಕೆ ಇಳಿಯುವ ವಿಮಾನ ಈ ದಾರಿಯ ಮೇಲೆ ಹಾದು ಹೋಗುತ್ತಿತ್ತು.

ಎರಡೂ ನಿಯಮದ ಪ್ರಕಾರವೇ ಹಾರಿದರೆ ನಡುವೆ ಎಷ್ಟು ಅಂತರ ಉಳಿಯುತ್ತಿತ್ತು? ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ, ಲೆಕ್ಕ ಹಾಕಿ ಹೇಳಿದ್ದು 75 ಅಡಿ. ಅಂದರೆ ಸುಮಾರು 23 ಮೀಟರ್. ಸಿಆರ್‌ಜೆ 700 ವಿಮಾನದ ಉದ್ದವೇ 32 ಮೀಟರ್. ವಿಮಾನದ ಉದ್ದದಷ್ಟೂ ಜಾಗ ಇಲ್ಲದ ಕಡೆ ಒಂದರ ಮೇಲೊಂದು ಹಾದು ಹೋಗಬೇಕಿತ್ತು. ಅದೂ ಎಲ್ಲರೂ ನಿಯಮ ಪಾಲಿಸಿದರೆ ಮಾತ್ರ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲೇ ಇದೆ. ಉಳಿದ ಎಲ್ಲ ಕಾರಣಗಳೂ ಈ 75 ಅಡಿಯನ್ನು ಸ್ವಲ್ಪ ಸ್ವಲ್ಪವೇ ತಿಂದವು.

"ಕಾಣುತ್ತಿದೆ" ಎಂದರೆ ಏನು ಕಂಡಿತು?

ಡಿಕ್ಕಿಗೆ ಎರಡು ನಿಮಿಷ ಮೊದಲು ಕಂಟ್ರೋಲರ್ ಹೆಲಿಕಾಪ್ಟರ್‌ಗೆ ಹೇಳಿದರು: ವಿಲ್ಸನ್ ಸೇತುವೆಯ ದಕ್ಷಿಣಕ್ಕೆ ಒಂದು ಸಿಆರ್‌ಜೆ ಇದೆ, 1,200 ಅಡಿಯಲ್ಲಿದೆ, ರನ್‌ವೇ 33ಕ್ಕೆ ಸುತ್ತಿ ಬರುತ್ತಿದೆ. ಹೆಲಿಕಾಪ್ಟರ್‌ನಿಂದ ಉತ್ತರ ಬಂತು: ಕಾಣುತ್ತಿದೆ, ನಾವೇ ನೋಡಿಕೊಂಡು ಅಂತರ ಕಾಯುತ್ತೇವೆ. ಕಂಟ್ರೋಲರ್ ಒಪ್ಪಿಗೆ ಕೊಟ್ಟರು. ಅಲ್ಲಿಂದ ಮುಂದೆ ವಿಮಾನವನ್ನು ತಪ್ಪಿಸುವ ಹೊಣೆ ಹೆಲಿಕಾಪ್ಟರ್ ಪೈಲಟ್‌ಗಳ ಕಣ್ಣಿನದ್ದು. ಇದಕ್ಕೆ ವಿಷುಯಲ್ ಸೆಪರೇಷನ್ ಎನ್ನುತ್ತಾರೆ. ಇದರಲ್ಲಿ ಅಕ್ರಮ ಏನೂ ಇಲ್ಲ. ಆ ಟವರ್‌ನಲ್ಲಿ ಆಗ ಅದೇ ಅಭ್ಯಾಸ ಇತ್ತು.

ಆ ಹೊತ್ತಿನಲ್ಲಿ ಎರಡರ ನಡುವಿನ ದೂರ ಹತ್ತು ಕಿಲೋಮೀಟರಿಗೂ ಜಾಸ್ತಿ. ಕತ್ತಲೆಯಲ್ಲಿ, ಅಷ್ಟು ದೂರದಲ್ಲಿ, ವಿಮಾನ ಎಂದರೆ ಒಂದು ಬೆಳಕಿನ ಚುಕ್ಕಿ ಅಷ್ಟೇ. ಅದರ ಹಿಂದೆ ರನ್‌ವೇ 1ಕ್ಕೆ ಬರುವ ಬೇರೆ ವಿಮಾನಗಳ ಚುಕ್ಕಿಗಳೂ ಸಾಲಾಗಿದ್ದವು. ಕೆಳಗೆ ಇಡೀ ನಗರದ ದೀಪ. ಇವುಗಳಲ್ಲಿ ಯಾವ ಚುಕ್ಕಿ ಸಿಆರ್‌ಜೆ? ಅವರು ಬೇರೆ ಯಾವುದೋ ವಿಮಾನವನ್ನು ನೋಡಿ "ಕಾಣುತ್ತಿದೆ" ಎಂದಿರುವ ಸಾಧ್ಯತೆ ದೊಡ್ಡದು. ಸುಳ್ಳು ಹೇಳಿದ್ದಲ್ಲ. ಕಂಡದ್ದು ನಿಜ, ಅದು ಬೇರೆ ವಿಮಾನ ಇರಬಹುದು.

ಇಲ್ಲಿ ಹಿಂದಿನ ಬೆಂಚಿನಲ್ಲಿದ್ದ ಮಲ್ಪೆಯ ಹುಡುಗನೊಬ್ಬ ಮಾತು ತೆಗೆದ. ಅವನ ಅಪ್ಪ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟ್ ನಡೆಸುವವರು. "ಸರ್, ರಾತ್ರಿ ಎದುರಿನ ಬೋಟಿನ ದೀಪ ಬದಿಗೆ ಸರೀತಾ ಹೋದ್ರೆ ಹೆದರ್ಲಿಕ್ಕೆ ಇಲ್ಲ. ದೀಪ ಅಲ್ಲೇ ನಿಂತ ಹಾಗೆ ಇದ್ದು, ದೊಡ್ಡದಾಗ್ತಾ ಬಂದ್ರೆ ಮಾತ್ರ ಕೂಡ್ಲೇ ತಿರುಗಿಸ್ಬೇಕು ಅಂತ ಅಪ್ಪ ಹೇಳ್ತಾರೆ." ಎಂತ ಚಂದದ ವಿವರಣೆ ಮಾರಾಯ್ರೆ! ಪಾಠಪುಸ್ತಕ ಇದನ್ನು ಎರಡು ಪುಟದಲ್ಲಿ ಹೇಳುತ್ತದೆ. ಡಿಕ್ಕಿಯ ದಾರಿಯಲ್ಲಿರುವ ಎರಡು ವಾಹನಗಳು ಒಂದಕ್ಕೊಂದು ಚಲಿಸದ ಹಾಗೆ ಕಾಣುತ್ತವೆ. ನಮ್ಮ ಕಣ್ಣು ಹಿಡಿಯುವುದು ಚಲನೆಯನ್ನು. ಹಾಗಾಗಿ ಯಾವುದು ಅಪಾಯವೋ ಅದೇ ಕಣ್ಣಿಗೆ ಬೀಳುವುದು ಕಡಿಮೆ. ಆ ರಾತ್ರಿ ಇದಕ್ಕೆ ಇನ್ನೊಂದು ತೊಡಕು ಇತ್ತು: ವಿಮಾನ ತಿರುಗುತ್ತಿತ್ತು. ತಾಂಡೇಲರ ಲೆಕ್ಕ ನಡೆಯುವುದು ಎರಡೂ ನೇರ ಹೋಗುತ್ತಿದ್ದರೆ. ತಿರುವಿನಲ್ಲಿರುವ ವಿಮಾನದ ದೀಪ ಮೊದಲು ಒಂದು ಕಡೆ ಹೋದ ಹಾಗೆ ಕಂಡು, ಆಮೇಲೆ ನಮ್ಮ ಕಡೆಗೇ ಬರಬಹುದು.

ಇನ್ನು ಗಾಗಲ್ಸ್ ವಿಷಯ. ಆ ಹಾರಾಟ ಪೈಲಟ್ ಒಬ್ಬರ ವಾರ್ಷಿಕ ಪರೀಕ್ಷೆಯದ್ದು, ರಾತ್ರಿ ಗಾಗಲ್ಸ್ ಹಾಕಿ ಹಾರುವ ಪರೀಕ್ಷೆಯೂ ಅದರಲ್ಲಿ ಸೇರಿತ್ತು. ನೈಟ್ ವಿಷನ್ ಗಾಗಲ್ಸ್ ಕತ್ತಲೆಯಲ್ಲಿ ಬೆಟ್ಟ, ಮರ, ತಂತಿ ತೋರಿಸಲು ಒಳ್ಳೆಯದು. ಆದರೆ ಅದರ ಮೂಲಕ ಕಾಣುವ ಅಗಲ ಸುಮಾರು 40 ಡಿಗ್ರಿ ಮಾತ್ರ. ಬದಿಯಲ್ಲಿ ಏನಿದೆ ನೋಡಲು ತಲೆಯನ್ನೇ ತಿರುಗಿಸಬೇಕು. ನಗರದ ಉರಿಬೆಳಕು ಅದರೊಳಗೆ ಹರಡಿಕೊಂಡು ಚುಕ್ಕಿಗಳನ್ನು ನುಂಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ್ದ ಹೆಲಿಕಾಪ್ಟರ್‌ಗೆ ವಿಮಾನ ಬಂದದ್ದು ಎಡಗಡೆಯಿಂದ.

ವಿಮಾನದ ಪೈಲಟ್‌ಗಳು ಯಾಕೆ ನೋಡಲಿಲ್ಲ ಎಂದು ಒಬ್ಬಳು ಕೇಳಿದಳು. ಅವರ ಕಣ್ಣು ಎಲ್ಲಿರಬೇಕಿತ್ತೋ ಅಲ್ಲೇ ಇತ್ತು, ರನ್‌ವೇಯ ಮೇಲೆ. 500 ಅಡಿಯಲ್ಲಿ ಎಡಕ್ಕೆ ಹೊರಳಿ ಸಣ್ಣ ರನ್‌ವೇಗೆ ಸಾಲು ಹಿಡಿಯುವಾಗ ಬೇರೆ ಕಡೆ ನೋಡಲು ಪುರುಸೊತ್ತು ಇರುವುದಿಲ್ಲ. ಅದಕ್ಕಿಂತ ಮುಖ್ಯ, ಹೀಗೊಂದು ಹೆಲಿಕಾಪ್ಟರ್ ಬರುತ್ತಿದೆ ಎಂದು ಅವರಿಗೆ ಯಾರೂ ನೇರವಾಗಿ ಹೇಳಿರಲಿಲ್ಲ.

0.8 ಸೆಕೆಂಡು

ರೇಡಿಯೋ ಮಾತನ್ನು ನಾವು ಸೆಕೆಂಡು ಸೆಕೆಂಡು ಬಿಡಿಸಿ ನೋಡಿದೆವು. ಇಡೀ ಪ್ರಕರಣದಲ್ಲಿ ನನಗೆ ಅತಿ ಕಷ್ಟ ಎನಿಸಿದ ಭಾಗ ಇದು.

ಎರಡು ನಿಮಿಷ ಮೊದಲು ಕಂಟ್ರೋಲರ್ ಹೇಳಿದ ವಾಕ್ಯದಲ್ಲಿ "ಸರ್ಕ್ಲಿಂಗ್" ಎಂಬ ಮಾತಿತ್ತು. ಸುತ್ತಿ ಬರುತ್ತಿದೆ ಎಂಬ ಸೂಚನೆ ಅದು. ಹೆಲಿಕಾಪ್ಟರ್‌ನ ಧ್ವನಿ ಮುದ್ರಣದಲ್ಲಿ ಆ ಒಂದು ಪದ ಇಲ್ಲ. ಅವರಿಗೆ ಕೇಳಿಸದೇ ಇರಬಹುದು. ಆ ಪದ ಬಿಟ್ಟರೆ ವಿಮಾನ ಎಲ್ಲರ ಹಾಗೆ ನೇರವಾಗಿ ರನ್‌ವೇ 1ರ ಕಡೆ ಬರುತ್ತಿದೆ ಎಂದು ಅಂದುಕೊಳ್ಳುವುದು ಸುಲಭ. ಹಾಗೆ ಬಂದರೆ ಅದು ನದಿಯ ಪಶ್ಚಿಮ ಬದಿಯಲ್ಲೇ ಉಳಿಯುತ್ತದೆ.

ಡಿಕ್ಕಿಗೆ 20 ಸೆಕೆಂಡು ಇರುವಾಗ ಕಂಟ್ರೋಲರ್ ಮತ್ತೆ ಕೇಳಿದರು: ಸಿಆರ್‌ಜೆ ಕಾಣುತ್ತಿದೆಯಾ? ಆ ಮುದ್ರಣದಲ್ಲಿ ಹಿನ್ನೆಲೆಯಲ್ಲಿ ಟವರ್‌ನ ಎಚ್ಚರಿಕೆ ಗಂಟೆಯ ಸದ್ದೂ ಇದೆ. 17 ಸೆಕೆಂಡು ಇರುವಾಗ ಸೂಚನೆ ಕೊಟ್ಟರು: ಸಿಆರ್‌ಜೆಯ ಹಿಂದಿನಿಂದ ಹಾದು ಹೋಗಿ. ಈ ವಾಕ್ಯದಲ್ಲಿ ಬೇಕಾದದ್ದೇ "ಹಿಂದಿನಿಂದ ಹಾದು ಹೋಗಿ" ಎಂಬ ಭಾಗ. ಸರಿಯಾಗಿ ಅದೇ ಹೊತ್ತಿಗೆ ಹೆಲಿಕಾಪ್ಟರ್‌ನಲ್ಲಿ ಮೈಕಿನ ಗುಂಡಿ ಒತ್ತಿತ್ತು, 0.8 ಸೆಕೆಂಡು. ಈ ರೇಡಿಯೋದಲ್ಲಿ ಗುಂಡಿ ಒತ್ತಿದವರಿಗೆ ಆ ಕ್ಷಣ ಬೇರೆಯವರ ಮಾತು ಕೇಳುವುದಿಲ್ಲ. ಗುಂಡಿ ಬಿಟ್ಟ ಮೇಲೆ ಅವರು ಹೇಳಿದ್ದು ಹಳೇ ಉತ್ತರವನ್ನೇ: ಕಾಣುತ್ತಿದೆ, ನಾವೇ ನೋಡಿಕೊಳ್ಳುತ್ತೇವೆ.

ಇನ್ನೊಂದು ಸಂಗತಿ. ಹೆಲಿಕಾಪ್ಟರ್ ಒಂದು ಫ್ರೀಕ್ವೆನ್ಸಿಯಲ್ಲಿತ್ತು, ವಿಮಾನ ಇನ್ನೊಂದರಲ್ಲಿ. ಕಂಟ್ರೋಲರ್ ಎರಡರಲ್ಲೂ ಒಟ್ಟಿಗೆ ಮಾತಾಡುತ್ತಿದ್ದರು. ಹಾಗಾಗಿ ಕಂಟ್ರೋಲರ್ ಮಾತು ಎಲ್ಲರಿಗೂ ಕೇಳುತ್ತದೆ. ಆದರೆ ಹೆಲಿಕಾಪ್ಟರ್ ಪೈಲಟ್ ಕೊಟ್ಟ ಉತ್ತರ ವಿಮಾನಕ್ಕೆ ಕೇಳುವುದಿಲ್ಲ, ವಿಮಾನದ್ದು ಹೆಲಿಕಾಪ್ಟರ್‌ಗೆ ಕೇಳುವುದಿಲ್ಲ. ಅರ್ಧ ಸಂಭಾಷಣೆ ಕೇಳಿಸಿಕೊಂಡವರಿಗೆ ಪೂರ್ತಿ ಚಿತ್ರ ಹೇಗೆ ಬರಬೇಕು?

ಟವರ್‌ನಲ್ಲಿ ಹೆಲಿಕಾಪ್ಟರ್ ನೋಡಿಕೊಳ್ಳುವ ಜಾಗ ಮತ್ತು ವಿಮಾನಗಳನ್ನು ಇಳಿಸುವ ಜಾಗ ಬೇರೆ ಬೇರೆ. ರಾತ್ರಿ ಸಂಚಾರ ಇಳಿದ ಮೇಲೆ, ಒಂಬತ್ತೂವರೆ ಹೊತ್ತಿಗೆ, ಎರಡನ್ನೂ ಒಬ್ಬರಿಗೆ ವಹಿಸುವುದು ಆಗಿನ ರೂಢಿಯಾಗಿತ್ತು. ಆ ದಿನ ಮಧ್ಯಾಹ್ನವೇ ಎರಡನ್ನೂ ಸೇರಿಸಿಬಿಟ್ಟಿದ್ದರು. 2002ರ ಜುಲೈ 1ರಂದು ಜರ್ಮನಿಯ ಊಬರ್ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ತ ರಾತ್ರಿಯೂ ಒಬ್ಬರೇ ಕಂಟ್ರೋಲರ್ ಎರಡು ಪರದೆಗಳ ನಡುವೆ ಓಡಾಡುತ್ತಿದ್ದರು. ಒಬ್ಬರಿಗೆ ಎರಡು ಕೆಲಸ ಕೊಟ್ಟರೆ ಅಪಘಾತ ಆಗಿಯೇ ಆಗುತ್ತದೆ ಎಂದಲ್ಲ. ಆದರೆ "ನೀವು ನೋಡುತ್ತಿರುವುದು ಅದೇ ವಿಮಾನವಾ?" ಎಂದು ಇನ್ನೊಮ್ಮೆ ವಿಚಾರಿಸುವ ಪುರುಸೊತ್ತು ಅಲ್ಲಿ ಸಿಗುವುದಿಲ್ಲ.

ಎತ್ತರದ ಲೆಕ್ಕ

200 ಅಡಿ ಮಿತಿ ಇದ್ದ ಕಡೆ ಹೆಲಿಕಾಪ್ಟರ್ 278 ಅಡಿಯಲ್ಲಿತ್ತು. ಸುದ್ದಿವಾಹಿನಿಗಳಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು, ತೀರ್ಪು ಬರೆದುಬಿಟ್ಟರು. ಆದರೆ 278 ಎಂಬುದು ರೇಡಿಯೋ ಆಲ್ಟಿಮೀಟರ್ ಎಂಬ ಎತ್ತರ ಅಳೆಯುವ ಉಪಕರಣದ ಅಂಕಿ. ಪೈಲಟ್‌ಗಳು ಸಾಮಾನ್ಯವಾಗಿ ನೋಡಿಕೊಂಡು ಹಾರುವುದು ಇನ್ನೊಂದು ಉಪಕರಣವನ್ನು.

ಎರಡರ ವ್ಯತ್ಯಾಸ ಬಜ್ಪೆಯನ್ನು ನೋಡಿದವರಿಗೆ ಹೇಳುವುದು ಸುಲಭ. ಒಂದು ಉಪಕರಣ ಗಾಳಿಯ ಒತ್ತಡ ಅಳೆದು ಸಮುದ್ರ ಮಟ್ಟದಿಂದ ಎತ್ತರ ಹೇಳುತ್ತದೆ. ಇನ್ನೊಂದು, ಅಂದರೆ ರೇಡಿಯೋ ಆಲ್ಟಿಮೀಟರ್, ನೇರ ಕೆಳಗೆ ಅಲೆ ಬಿಟ್ಟು, ಅಡಿಯಲ್ಲಿ ನೆಲ ಎಷ್ಟು ದೂರ ಎಂದು ಹೇಳುತ್ತದೆ. ನಮ್ಮ ರನ್‌ವೇ ಗುಡ್ಡದ ತಲೆಯ ಮೇಲಿದೆ. ಅದ್ಯಪಾಡಿ ಕಡೆ ನಿಂತು ವಿಮಾನ ಇಳಿಯುವುದನ್ನು ನೋಡಿದವರಿಗೆ ಗೊತ್ತು, ಕಣಿವೆಯ ಮೇಲೆ ಬರುವಾಗ ಅಡಿಯಲ್ಲಿ ಬೇಕಾದಷ್ಟು ಜಾಗ ಇರುತ್ತದೆ, ಮರುಕ್ಷಣ ಗುಡ್ಡದ ಅಂಚು ಸಿಗುತ್ತದೆ. ಒತ್ತಡದ ಉಪಕರಣದಲ್ಲಿ ಅಂಕಿ ನಿಧಾನಕ್ಕೆ ಇಳಿಯುತ್ತಿದ್ದರೆ, ಅಲೆ ಬಿಡುವ ಉಪಕರಣದಲ್ಲಿ ಒಮ್ಮೆಲೇ ಕುಸಿಯುತ್ತದೆ. ಪೊಟೊಮ್ಯಾಕ್‌ನಲ್ಲಿ ಕೆಳಗೆ ಸಮತಟ್ಟಾದ ನೀರು. ಅಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸಬೇಕು.

ತೋರಿಸಲಿಲ್ಲ. ಎನ್‌ಟಿಎಸ್‌ಬಿ ಅದೇ ಮಾದರಿಯ ಬೇರೆ ಹೆಲಿಕಾಪ್ಟರ್‌ಗಳನ್ನು ಹಾರಿಸಿ ನೋಡಿತು. ಒತ್ತಡದ ಆಲ್ಟಿಮೀಟರ್ ನಿಜವಾದ ಎತ್ತರಕ್ಕಿಂತ 80ರಿಂದ 130 ಅಡಿ ಕಡಿಮೆ ತೋರಿಸುತ್ತಿತ್ತು. ಅಂದರೆ ಉಪಕರಣದ ಮುಳ್ಳು 200ರ ಹತ್ತಿರ ಇರುವಾಗ ಹೆಲಿಕಾಪ್ಟರ್ ನಿಜಕ್ಕೂ 300ರ ಹತ್ತಿರ ಇರಬಹುದು. ಅದೇ ಹಾರಾಟದಲ್ಲಿ, ಸ್ವಲ್ಪ ಮೊದಲು, ಒಬ್ಬ ಪೈಲಟ್ 300 ಅಡಿ ಎಂದಾಗ ಪಕ್ಕದಲ್ಲಿದ್ದ ತರಬೇತುದಾರರು 400 ಎಂದದ್ದು ಮುದ್ರಣದಲ್ಲಿದೆ. ವ್ಯತ್ಯಾಸ ಯಾಕೆ ಎಂದು ಇಬ್ಬರೂ ಅಲ್ಲಿ ಚರ್ಚಿಸಲಿಲ್ಲ.

ಇನ್ನು ಮಿತಿ ಮೀರಿದ್ದೇ ಕಾರಣ ಎನ್ನುವವರಿಗೆ ನಾನು ಕೇಳುವುದು ಒಂದೇ: 75 ಅಡಿ ಅಂತರ ಇಟ್ಟು, ಉಪಕರಣದಲ್ಲೇ 100 ಅಡಿ ವ್ಯತ್ಯಾಸ ಬರಬಹುದು ಎಂದಾದರೆ, ಆ ಮಿತಿಯಿಂದ ಯಾರಿಗೆ ಏನು ರಕ್ಷಣೆ?

ಎಚ್ಚರಿಸಬೇಕಾದ ಯಂತ್ರ

ಟಿಕಾಸ್, ಅಂದರೆ ಹತ್ತಿರ ಬರುವ ಇನ್ನೊಂದು ವಿಮಾನದ ಬಗ್ಗೆ ಪೈಲಟ್‌ಗಳನ್ನು ಎಚ್ಚರಿಸುವ ಯಂತ್ರ, ಇರಲಿಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ವಿಮಾನದಲ್ಲಿ ಇತ್ತು. ನಮ್ಮ ದೇಶದಲ್ಲಿ ಅದನ್ನು ಕಡ್ಡಾಯ ಮಾಡಲು ಒಂದು ಘೋರ ಡಿಕ್ಕಿಯೇ ಆಗಬೇಕಾಯಿತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಬೋಯಿಂಗ್ 747, ಕಝಕಿಸ್ತಾನದ ಇಲ್ಯುಶಿನ್ 76 ಡಿಕ್ಕಿಯಾಗಿ 349 ಜನ ಸತ್ತರು. 15,000 ಅಡಿಯಲ್ಲಿ ಇರಬೇಕಾದ ಕಝಕ್ ವಿಮಾನ ಸೌದಿ ವಿಮಾನದ 14,000ಕ್ಕೆ ಇಳಿದಿತ್ತು. ಆಗ ದಿಲ್ಲಿಗೆ ಬರುವ ಮತ್ತು ದಿಲ್ಲಿಯಿಂದ ಹೊರಡುವ ವಿಮಾನಗಳಿಗೆ ಒಂದೇ ದಾರಿ ಇತ್ತು. ಆಮೇಲೆ ದಾರಿ ಬೇರೆ ಮಾಡಿದರು, ಟಿಕಾಸ್ ತಂದರು.

ಟಿಕಾಸ್ ಎರಡು ಹಂತದಲ್ಲಿ ಮಾತಾಡುತ್ತದೆ. ಮೊದಲು "ಟ್ರಾಫಿಕ್, ಟ್ರಾಫಿಕ್" ಎಂದು ಬರೀ ಎಚ್ಚರಿಕೆ. ಆಮೇಲೆ ಮೇಲೇರು, ಕೆಳಗಿಳಿ ಎಂದು ಆದೇಶ. ಸಿಆರ್‌ಜೆಯಲ್ಲಿ ಡಿಕ್ಕಿಗೆ 19 ಸೆಕೆಂಡು ಮೊದಲು ಮೊದಲನೆಯದ್ದು ಬಂತು. ಎರಡನೆಯದ್ದು ಬರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ನೆಲದಿಂದ ಸುಮಾರು 900 ಅಡಿಗಿಂತ ಕೆಳಗೆ ಆದೇಶ ಕೊಡದ ಹಾಗೆಯೇ ಅದನ್ನು ರೂಪಿಸಿದ್ದಾರೆ. ಇಳಿಯುವ ಹೊತ್ತಿನಲ್ಲಿ ಸುಳ್ಳು ಎಚ್ಚರಿಕೆಗಳು ಜಾಸ್ತಿ ಬರುತ್ತವೆ, "ಕೆಳಗಿಳಿ" ಎಂದರೆ ನೆಲಕ್ಕೇ ಬಡಿಯಬೇಕು. ನ್ಯಾಯವಾದ ಕಾರಣವೇ. ಆದರೆ ಹೆಲಿಕಾಪ್ಟರ್‌ಗಳು ಓಡಾಡುವುದೇ ಆ 900 ಅಡಿಯ ಕೆಳಗೆ.

ಎಡಿಎಸ್-ಬಿ ಎಂಬ ಇನ್ನೊಂದು ವ್ಯವಸ್ಥೆ ಇದೆ. ಪ್ರತಿ ವಿಮಾನ ತಾನು ಎಲ್ಲಿದ್ದೇನೆ ಎಂದು ಸೆಕೆಂಡಿಗೊಮ್ಮೆ ಬಿತ್ತರಿಸುತ್ತದೆ. ಮೊಬೈಲಿನಲ್ಲಿ ನಾವು ವಿಮಾನ ಎಲ್ಲಿದೆ ಎಂದು ನೋಡುವುದು ಮುಖ್ಯವಾಗಿ ಇದರಿಂದಲೇ. ಆ ಹೆಲಿಕಾಪ್ಟರ್ ಅಂದು ಇದನ್ನು ಬಿತ್ತರಿಸುತ್ತಿರಲಿಲ್ಲ. ಇನ್ನೊಬ್ಬರ ಬಿತ್ತರವನ್ನು ಕಾಕ್‌ಪಿಟ್‌ನಲ್ಲೇ ತೋರಿಸಿ ಎಚ್ಚರಿಸುವ ಸಾಧನವೂ ಇದೆ. ಇವೆರಡೂ ಇದ್ದಿದ್ದರೆ ವಿಮಾನದವರಿಗೆ 19 ಸೆಕೆಂಡಿನ ಬದಲು ಹತ್ತಿರ ಹತ್ತಿರ ಒಂದು ನಿಮಿಷ ಸಿಗುತ್ತಿತ್ತು. ಕೊನೆಗೆ ಪೈಲಟ್‌ಗಳು ಹೆಲಿಕಾಪ್ಟರನ್ನು ನೋಡಿದರು ಎಂದೇ ತೋರುತ್ತದೆ. ಕೊನೆಯ ಒಂದು ಸೆಕೆಂಡಿನಲ್ಲಿ ವಿಮಾನದ ಮೂತಿ ಮೇಲೆತ್ತಲು ಪೂರ್ತಿ ಎಳೆದದ್ದು ದಾಖಲಾಗಿದೆ.

15,214

ತನಿಖೆಯಲ್ಲಿ ಹೊರಬಂದ ಅಂಕಿಗಳಲ್ಲಿ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದದ್ದು ಇದೊಂದನ್ನೇ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್ ತನಕ ಆ ನಿಲ್ದಾಣದ ಹತ್ತಿರ ವಿಮಾನ, ಹೆಲಿಕಾಪ್ಟರ್‌ಗಳು ಒಂದು ನಾಟಿಕಲ್ ಮೈಲಿಗಿಂತ ಕಡಿಮೆ ದೂರಕ್ಕೆ, 400 ಅಡಿಗಿಂತ ಕಡಿಮೆ ಎತ್ತರದ ಅಂತರಕ್ಕೆ ಬಂದದ್ದು 15,214 ಸಲ. ಅದರಲ್ಲಿ 85 ಸಲ ಅಂತರ 1,500 ಅಡಿಗಿಂತಲೂ, ಎತ್ತರದ ವ್ಯತ್ಯಾಸ 200 ಅಡಿಗಿಂತಲೂ ಕಡಿಮೆ.

ಒಬ್ಬಳು ಕೂಡಲೇ ಮೊಬೈಲ್ ತೆಗೆದು ಭಾಗಿಸಿದಳು. ತಿಂಗಳಿಗೆ 390, ದಿನಕ್ಕೆ ಹದಿಮೂರು. ತೀರಾ ಹತ್ತಿರ ಬಂದದ್ದು ತಿಂಗಳಿಗೆ ಎರಡು. "ಹಾಗಾದ್ರೆ ಅವ್ರಿಗೆ ಗೊತ್ತಿತ್ತಾ ಸರ್?" ಮಾಹಿತಿ ಇತ್ತು, ಕೂಡಿಸಿ ನೋಡಿದವರಿರಲಿಲ್ಲ. 2011ರಿಂದ 2024ರ ತನಕ ಹೆಲಿಕಾಪ್ಟರ್ ಹತ್ತಿರ ಬಂದು ಟಿಕಾಸ್ ಆದೇಶ ಕೊಟ್ಟ ಘಟನೆ ತಿಂಗಳಿಗೆ ಕನಿಷ್ಠ ಒಂದಾದರೂ ಇತ್ತು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಹೆಲಿಕಾಪ್ಟರ್ ಮಿತಿಗಿಂತ ಮೇಲಿದ್ದಿರಬಹುದು. ಮೂರರಲ್ಲಿ ಎರಡು ಪಾಲು ರಾತ್ರಿ ಹೊತ್ತು. ಆ ರಾತ್ರಿಯದ್ದು ಹೊಸ ತಪ್ಪಲ್ಲ. ದಿನವೂ ಆಗುತ್ತಿದ್ದದ್ದೇ ಅಂದೂ ಆಯಿತು, ತಪ್ಪಿಸಿಕೊಳ್ಳಲು ಮಾತ್ರ ಆಗಲಿಲ್ಲ.

ವಿಮಾನ, ಹೆಲಿಕಾಪ್ಟರ್‌ಗೆ ದಾರಿ ಬೇರೆ ಮಾಡಬೇಕು ಎಂಬುದು ಹಳೇ ಪಾಠ. 1986ರ ಜೂನ್‌ನಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಮೇಲೆ ಪ್ರವಾಸಿಗರ ವಿಮಾನ, ಹೆಲಿಕಾಪ್ಟರ್ ಡಿಕ್ಕಿಯಾಗಿ 25 ಸಾವು. 2009ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿ ಮೇಲೆ ಸಣ್ಣ ವಿಮಾನ, ಪ್ರವಾಸಿ ಹೆಲಿಕಾಪ್ಟರ್ ಡಿಕ್ಕಿಯಾಗಿ 9 ಸಾವು. ಹಡ್ಸನ್‌ನಲ್ಲೂ ನದಿ, ಅಲ್ಲೂ "ನೋಡಿ ತಪ್ಪಿಸಿಕೊಳ್ಳಿ" ಎಂಬ ನಿಯಮ, ಅದೂ ಹಾಡುಹಗಲು.

ಒಂದು ಕಾರಣ ತೆಗೆದುಹಾಕಿದರೆ?

ಕೊನೆಗೆ ಎಲ್ಲರಿಗೂ ಒಂದು ಹಾಳೆ ಕೊಟ್ಟು ಕೇಳಿದೆ: ಇದರಲ್ಲಿ ಯಾವುದೇ ಒಂದನ್ನು ಮಾತ್ರ ಬದಲಾಯಿಸಬಹುದು. ಅಂದಿನ ರಾತ್ರಿಯನ್ನಲ್ಲ, ಮುಂದಿನ ಹತ್ತು ವರ್ಷವನ್ನು ಉಳಿಸುವುದು ಯಾವುದು?

ಜಾಸ್ತಿ ಜನ ಬರೆದದ್ದು, ವಿಮಾನವನ್ನು ರನ್‌ವೇ 33ಕ್ಕೆ ತಿರುಗಿಸಬಾರದಿತ್ತು ಎಂದು. ಅಂದಿನ ಮಟ್ಟಿಗೆ ಸರಿ, ಆ 67 ಜನ ಉಳಿಯುತ್ತಿದ್ದರು. ಆದರೆ ಮರುದಿನ ಇನ್ನೊಂದು ವಿಮಾನ ಅದೇ 33ಕ್ಕೆ ಹೋಗುತ್ತದೆ. ಗಾಗಲ್ಸ್ ತೆಗೆಸಬೇಕಿತ್ತು ಎಂದವರಿಗೂ ಇದೇ ಉತ್ತರ. ಬರಿಗಣ್ಣಿಗೂ ರಾತ್ರಿ ಹತ್ತು ಕಿಲೋಮೀಟರ್ ದೂರದ ಚುಕ್ಕಿ ಚುಕ್ಕಿಯೇ. ಆಲ್ಟಿಮೀಟರ್ ಸರಿ ಮಾಡಿದರೆ? ಆಗ 75 ಅಡಿ ಅಂತರದಲ್ಲಿ ಪಾರಾಗುತ್ತಾರೆ. ಅದನ್ನು ಸುರಕ್ಷಿತ ಎಂದು ಬರೆದ ಹಾಳೆಗೆ ನಾನು ಅಂಕ ಕೊಡಲಿಲ್ಲ.

ಟವರ್‌ನಲ್ಲಿ ಇಬ್ಬರು ಇದ್ದಿದ್ದರೆ ಎಂದು ಬರೆದವರ ವಾದ ಸ್ವಲ್ಪ ಗಟ್ಟಿ. ಆದರೂ ಆ ಎರಡನೆಯವರೂ "ಕಾಣುತ್ತಿದೆ" ಎಂಬ ಉತ್ತರವನ್ನು ನಂಬಿಯೇ ಕೆಲಸ ಮಾಡಬೇಕಿತ್ತು. ಪೈಲಟ್ ನೋಡುತ್ತಿರುವುದು ಯಾವುದನ್ನು ಎಂದು ಟವರಿನಿಂದ ತಿಳಿಯುವ ಉಪಾಯ ಇಲ್ಲ.

ಮೂರು ಹಾಳೆಯಲ್ಲಿ ಮಾತ್ರ ನಕ್ಷೆಯ ಮಾತಿತ್ತು: 33 ಬಳಕೆಯಲ್ಲಿರುವಾಗ ರೂಟ್ 4 ಮುಚ್ಚಬೇಕು. 2025ರ ಮಾರ್ಚ್‌ನಲ್ಲಿ ಎನ್‌ಟಿಎಸ್‌ಬಿ ತುರ್ತಾಗಿ ಶಿಫಾರಸು ಮಾಡಿದ್ದೂ ಇದನ್ನೇ. ಅದೇ ತಿಂಗಳು ಅಲ್ಲಿನ ವಿಮಾನಯಾನ ಆಡಳಿತ, ಎಫ್‌ಎಎ, ಆ ತುಂಡು ದಾರಿಯನ್ನು ಮುಚ್ಚಿತು. 2026ರ ಜನವರಿಯಲ್ಲಿ ಮಂಡಳಿ ಅಂತಿಮ ತೀರ್ಮಾನ ಹೇಳುವಾಗಲೂ ರನ್‌ವೇ ದಾರಿಗೆ ಅಷ್ಟು ಹತ್ತಿರ ಹೆಲಿಕಾಪ್ಟರ್ ದಾರಿ ಇಟ್ಟದ್ದನ್ನು, ಕಣ್ಣಿನ ಮೇಲೆ ಅತಿಯಾಗಿ ಅವಲಂಬಿಸಿದ್ದನ್ನು ಮುಖ್ಯ ಕಾರಣಗಳಲ್ಲಿ ಸೇರಿಸಿತು. ಹೆಲಿಕಾಪ್ಟರ್ ಸಿಬ್ಬಂದಿಯ ಲೋಪವನ್ನೂ ಬಿಡಲಿಲ್ಲ.

ನಮ್ಮ ಊರಿನ ಪ್ರಶ್ನೆ ಬಂದೇ ಬಂತು. ಗಣ್ಯರು ಬಜ್ಪೆಯಲ್ಲಿ ಇಳಿದು ಹೆಲಿಕಾಪ್ಟರ್ ಹತ್ತಿ ಉಡುಪಿಗೆ, ಕೊಲ್ಲೂರಿಗೆ ಹೋಗುವುದನ್ನು ಎಲ್ಲರೂ ನೋಡಿದ್ದಾರೆ. ಇಲ್ಲೂ ಹೀಗೆ ಆಗಬಹುದಾ? ಮಂಗಳೂರಿನ ಸಂಚಾರಕ್ಕೂ ವಾಷಿಂಗ್ಟನ್ ಸಂಚಾರಕ್ಕೂ ಹೋಲಿಕೆಯೇ ಇಲ್ಲ. ಒಂದೇ ರನ್‌ವೇ ಬಳಕೆ, ವಿಮಾನಗಳ ನಡುವೆ ಬೇಕಾದಷ್ಟು ಹೊತ್ತು. ಹೆಲಿಕಾಪ್ಟರನ್ನು ಐದು ನಿಮಿಷ ನಿಲ್ಲಿಸಿ ವಿಮಾನ ಇಳಿದ ಮೇಲೆ ಬಿಡಬಹುದು. ಹಾಗಾಗಿ ಹೆದರಿಸುವ ಉತ್ತರ ನಾನು ಕೊಡಲಿಲ್ಲ. ಬದಲಿಗೆ ಮುಂದಿನ ವಾರಕ್ಕೆ ಕೆಲಸ ಕೊಟ್ಟೆ. ಬಜ್ಪೆಯಿಂದ ಆದಿ ಉಡುಪಿಯ ಹೆಲಿಪ್ಯಾಡಿಗೆ ಒಂದು ದಾರಿ ಬರೆಯಬೇಕು. ರನ್‌ವೇಯ ಎರಡೂ ತುದಿಯ ಇಳಿಯುವ ದಾರಿಗಳನ್ನು ಅದು ಎಲ್ಲೂ ಅಡ್ಡ ಹಾಯಬಾರದು. ಹಾಯಲೇಬೇಕಾದರೆ ಅಲ್ಲಿ ಎತ್ತರದ ಅಂತರ ಎಷ್ಟು, ಆಲ್ಟಿಮೀಟರ್ 130 ಅಡಿ ತಪ್ಪಿದರೆ ಎಷ್ಟು ಉಳಿಯುತ್ತದೆ, ಎರಡನ್ನೂ ಪಕ್ಕದಲ್ಲೇ ಬರೆಯಬೇಕು. "ಪೈಲಟ್ ನೋಡಿಕೊಳ್ಳುತ್ತಾರೆ" ಎಂದು ಬರೆದ ಹಾಳೆ ವಾಪಸ್ ಬರುತ್ತದೆ ಎಂದೂ ಹೇಳಿದ್ದೇನೆ.